ಟೂಟೂ ತೋಟೆ: ಕೋತಿಗೋ, ತೆಂಗಿನಕಾಯಿಗೋ?

ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಕೊಡಗಿನಲ್ಲಿ ಒಂದು ಹಳೇ ಪ್ರಶ್ನೆಯೂ ಹಣ್ಣಾಗುತ್ತದೆ. ಕೋತಿ ಕಾಟ ತಡೆಯೋಕಾಗ್ತಿಲ್ಲ, ಟೂಟೂ ರೈಫಲ್ಲಿಗೆ ಯಾವ ತೋಟೆ ಹಾಕಿದರೆ ಒಳ್ಳೇದು? ಕೇಳುವವರೆಲ್ಲ ಬೇಟೆ ಹುಚ್ಚಿನವರೇನಲ್ಲ. ಬಾಳೆಗೊನೆ, ಕಿತ್ತಳೆ, ಏಲಕ್ಕಿ ಕಳೆದುಕೊಂಡು ರೋಸಿಹೋದ ಬೆಳೆಗಾರರು. ಹನ್ನೆರಡು ಬೋರಿನ ಜೋಡುನಳಿಗೆ ಹೊಡೆದರೆ ಊರಿಗೆಲ್ಲ ಕೇಳುತ್ತದೆ, ತೋಟೆಯೂ ದುಬಾರಿ. ಟೂಟೂ ಆದರೆ ಒಣ ಕಡ್ಡಿ ಮುರಿದ ಹಾಗೆ ಸದ್ದು. ಸಣ್ಣ ಪ್ರಾಣಿಗೆ ಸಣ್ಣ ತೋಟೆ, ಲೆಕ್ಕ ಸರಿ ಅನ್ನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಜೈಲೂ ಇದೆ, ಪಕ್ಕದ ಲೈನ್ ಮನೆಯ ಜೀವವೂ ಇದೆ.

ಮೊದಲು ತೋಟೆಯ ವಿಷಯವೇ ಆಗಲಿ. ದೊಡ್ಡ ರೈಫಲ್ ತೋಟೆಯ ಬುಡದ ಮಧ್ಯೆ ಒಂದು ಕೇಪು ಇರುತ್ತದೆ, ಕುದುರೆಯ ಸೂಜಿ ಅದಕ್ಕೆ ಹೊಡೆಯುತ್ತದೆ. ಟೂಟೂ ತೋಟೆಗೆ ಅಂಥ ಕೇಪಿಲ್ಲ. ಬುಡದ ಅಂಚು ಮಡಿಸಿದ್ದಾರಲ್ಲ, ಸಿಡಿಮದ್ದು ಆ ಮಡಿಕೆಯೊಳಗೇ ಇರುತ್ತದೆ. ಸೂಜಿ ಅಂಚನ್ನು ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ರಿಮ್‌ಫೈರ್ ಅನ್ನೋದು ಇದಕ್ಕೇ. ಸೂಜಿ ಜಜ್ಜಬೇಕಾದ್ದರಿಂದ ಹಿತ್ತಾಳೆ ತೆಳ್ಳಗಿರಬೇಕು, ತೆಳ್ಳಗಿರುವುದರಿಂದ ಹೆಚ್ಚು ಒತ್ತಡ ತಡೆಯದು. ಅದಕ್ಕೇ ಇವು ಸಣ್ಣ ಶಕ್ತಿಯ ತೋಟೆಗಳು. ಒಮ್ಮೆ ಹೊಡೆದ ಖಾಲಿ ಬುಡ ಗುಜರಿಗೇ ಸರಿ, ಮತ್ತೆ ತುಂಬಿಸಲಾಗದು.

ಇದರ ವಂಶ ಹಳೆಯದು. ಅಮೆರಿಕದಲ್ಲಿ 1857ರಲ್ಲಿ .22 ಶಾರ್ಟ್ ಬಂತು, 1887ರಲ್ಲಿ .22 ಲಾಂಗ್ ರೈಫಲ್. ಇಲ್ಲಿ ‘ಟೂಟೂ’ ಅಂದರೆ ಈ ಲಾಂಗ್ ರೈಫಲ್ಲೇ. ನಮ್ಮ ಇಛಾಪುರ ಕಾರ್ಖಾನೆಯ ಸ್ಪೋರ್ಟಿಂಗ್ ರೈಫಲ್ಲಿಗೂ ಬೇಕಾದ್ದು ಇದೇ. ಸಾಮಾನ್ಯ ಗುಂಡಿನ ತೂಕ 40 ಗ್ರೇನು, ಅಂದರೆ ಎರಡೂವರೆ ಗ್ರಾಂಗೂ ತುಸು ಹೆಚ್ಚು. ಶಬ್ದಕ್ಕಿಂತ ನಿಧಾನದ ‘ಸಬ್‌ಸಾನಿಕ್’ ತೋಟೆಯಲ್ಲಿ ಅದು ಸೆಕೆಂಡಿಗೆ ಸುಮಾರು 320 ಮೀಟರ್ ಓಡುತ್ತದೆ. ‘ಹೈ ವೆಲಾಸಿಟಿ’ಯಲ್ಲಿ 380ರ ಸುಮಾರು. ಜೋರಾಗಿ ಓಡುವುದೇ ಒಳ್ಳೇದು ಅಂದುಕೊಂಡು ಕೊಳ್ಳುವವರೇ ಜಾಸ್ತಿ. ಆದರೆ ಶಬ್ದದ ವೇಗ ಮೀರಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಆ ವೇಗಕ್ಕಿಂತ ಕೆಳಗಿಳಿಯುವಾಗ ಕೊಂಚ ತತ್ತರಿಸುತ್ತದೆ. ಗುರಿ ಸ್ಪರ್ಧೆಯವರು ಸುಮ್ಮನೆ ನಿಧಾನದ ತೋಟೆ ಆರಿಸುವುದಿಲ್ಲ.

ಇನ್ನು ದೂರ. 50 ಮೀಟರಿಗೆ ಸರಿಯಾಗಿ ಕೂರಿಸಿದ ರೈಫಲ್ 100 ಮೀಟರಿನಲ್ಲಿ ಅರ್ಧ ಅಡಿಯಷ್ಟು ಕೆಳಗೆ ಹೊಡೆಯುತ್ತದೆ. ಗಾಳಿ ಬೀಸಿದರೆ ಪಕ್ಕಕ್ಕೂ ಸರಿಯುತ್ತದೆ. ಮೊಲದಷ್ಟು ಪ್ರಾಣಿಗೆ 60-70 ಮೀಟರ್ ದಾಟಿದರೆ ಇದು ನಂಬಿಕೆಯ ತೋಟೆಯಲ್ಲ.

ಈ ಕೊರತೆ ನೀಗಿಸಲೆಂದೇ 1959ರಲ್ಲಿ ವಿಂಚೆಸ್ಟರ್ ಕಂಪನಿ .22 ಮ್ಯಾಗ್ನಂ ತಂತು. ಅದೇ 40 ಗ್ರೇನಿನ ಗುಂಡು, ವೇಗ ಮಾತ್ರ 580 ಮೀಟರಿನ ಹತ್ತಿರ. 2002ರಲ್ಲಿ ಹಾರ್ನಡಿ ಕಂಪನಿ ಆ ಮ್ಯಾಗ್ನಂ ಬುಡದ ಕತ್ತನ್ನೇ ಹಿಸುಕಿ .17 ಎಚ್‌ಎಂಆರ್ ಮಾಡಿತು. ಗುಂಡು 17 ಗ್ರೇನು ಮಾತ್ರ, ಓಟ 770 ಮೀಟರಿಗೂ ಮೇಲೆ. ನೂರು ಗಜಕ್ಕೂ ಆಚೆ ನೆಟ್ಟಗೆ ಹೋಗುತ್ತದೆ, ತಗಲಿದಲ್ಲೇ ಒಡೆದು ಚೂರಾಗುತ್ತದೆ. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಬೇಟೆಯ ಮೋಜಿಗೆಂದು ಬಿಟ್ಟ ಎರಡು ಡಜನ್ ಮೊಲ ದೇಶವನ್ನೇ ಮೇಯತೊಡಗಿತಲ್ಲ, ಅಲ್ಲಿಯ ರೈತನಿಗೆ ಈ ಮೂರರಲ್ಲಿ ಯಾವುದು ಅನ್ನೋದು ನಿಜವಾದ ಪ್ರಶ್ನೆ. ಹತ್ತಿರದ ಮೊಲಕ್ಕೆ, ಸದ್ದು ಬೇಡವಾದಾಗ ನಿಧಾನದ ಲಾಂಗ್ ರೈಫಲ್. ಬಯಲಿನಲ್ಲಿ, ಗಾಳಿ ಇಲ್ಲದ ಹೊತ್ತಿಗೆ .17. ನರಿಯಂಥದ್ದು ಎದುರಾದರೆ ಮ್ಯಾಗ್ನಂ, ಅದೂ ಹತ್ತಿರಕ್ಕೆ ಬಂದರೆ. ಮೊಲ ಅಲ್ಲಿ ಪರದೇಶಿ, ಪಿಡುಗು. ಹೊಡೆದರೆ ಕೇಳುವವರಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮ್ಯಾಗ್ನಂ ತೋಟೆ ಲಾಂಗ್ ರೈಫಲ್ಲಿನ ಕೋಣೆಗೆ ಹಿಡಿಯುವುದಿಲ್ಲ. ಆದರೆ ಲಾಂಗ್ ರೈಫಲ್ ತೋಟೆ ಮ್ಯಾಗ್ನಂ ಕೋಣೆಯೊಳಕ್ಕೆ ಸಡಿಲವಾಗಿ ಇಳಿದುಬಿಡುತ್ತದೆ. ಕುದುರೆ ಎಳೆದರೆ ಬುಡ ಸೀಳಿ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಬರಬಹುದು. ಎರಡಕ್ಕೂ ‘.22’ ಅಂತಲೇ ಹೆಸರು! ನಳಿಗೆ ಮೇಲೆ ಕೊರೆದಿರುವುದನ್ನು ಓದಿ, ಡಬ್ಬಿ ಮೇಲಿನದನ್ನೂ ಓದಿ.

ಈಗ ನಮ್ಮೂರಿಗೆ ಬನ್ನಿ. ಇಲ್ಲಿ ಗುರಿ ಯಾವುದು? ಕೋತಿಯೇ? ನಮ್ಮ ತೋಟಗಳ ಟೋಪಿಕೋತಿಯನ್ನು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮೊದಲನೇ ಪರಿಶಿಷ್ಟದಲ್ಲಿ ಕೂರಿಸಿದೆ. ಅಂದರೆ ಹುಲಿ, ಆನೆಗಳ ಸಾಲಿನಲ್ಲಿ. ಆ ಪರಿಶಿಷ್ಟದ ಪ್ರಾಣಿಯನ್ನು ಬೆಳೆ ತಿಂದಿತೆಂಬ ಕಾರಣಕ್ಕೆ ಹೊಡೆಯಲು ಅನುಮತಿ ಕೊಡಲು ಕಾಯ್ದೆಯಲ್ಲಿ ದಾರಿಯೇ ಇಲ್ಲ. ಮನುಷ್ಯನ ಜೀವಕ್ಕೆ ಅಪಾಯವಾದರೆ, ಪ್ರಾಣಿ ವಾಸಿಯಾಗದ ರೋಗ ಅಥವಾ ಗಾಯದಿಂದ ನರಳುತ್ತಿದ್ದರೆ ಮಾತ್ರ, ಅದೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶದ ಮೇಲೆ. ಮೀರಿದವರಿಗೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಯ್ದೆಯ ಪ್ರಕಾರ ಹೊಡೆಯಲು ಯತ್ನಿಸಿದರೂ ಬೇಟೆಯೇ, ಗುರಿ ತಪ್ಪಿತೆಂದು ಬಚಾವಾಗುವ ಹಾಗಿಲ್ಲ.

‘ಕಾಗೆ, ಬಾವಲಿ, ಇಲಿಗೆ ಪರವಾಗಿಲ್ಲವಂತೆ’ ಎನ್ನುವವರು ಇನ್ನೂ ಇದ್ದಾರೆ. ಅದು ಹಳೇ ಕಥೆ. ಐದನೇ ಪರಿಶಿಷ್ಟದಲ್ಲಿ ಇವನ್ನು ಪಿಡುಗು ಎಂದು ಪಟ್ಟಿ ಮಾಡಿದ್ದುಂಟು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆ ಪರಿಶಿಷ್ಟವೇ ಹೋಯಿತು. ಈಗ ಕೇಂದ್ರ ಸರ್ಕಾರ ಇಂಥ ಪ್ರದೇಶಕ್ಕೆ, ಇಷ್ಟು ಕಾಲಕ್ಕೆ ಎಂದು ಅಧಿಸೂಚನೆ ಹೊರಡಿಸಿದರೆ ಮಾತ್ರ ಪಿಡುಗು. ಬಿಹಾರದ ಕಾಡುಹಂದಿ, ನೀಲಗಾಯ್, ಹಿಮಾಚಲದ ಕೋತಿಗಳ ಮೇಲೆ 2015-16ರಲ್ಲಿ ಅಂಥ ಅಧಿಸೂಚನೆ ಬಂದಿದ್ದವು. ಅವನ್ನು ತೋರಿಸಿ ಸೋಮವಾರಪೇಟೆಯಲ್ಲಿ ಕೋವಿ ಎತ್ತಿದರೆ ನಡೆಯದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂಬ ವಾದವೂ ಇದೆ. ಇದೆ ನಿಜ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಪ್ರಾಣಿ ಹೊಡೆಯುವುದಲ್ಲ. ಲೈಸೆನ್ಸ್ ಬೇಕಾದವರ ವಿಷಯದಲ್ಲೂ 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎನಿಸಿದರೆ ಬೇರೆ ನುಣುಪು ನಳಿಗೆಯ ಕೋವಿ. ಬೆಳೆ ಕಾಯುವ ಆ ಮಾತಿನಲ್ಲಿ ರೈಫಲ್ಲಿನ ಸುಳಿವೇ ಇಲ್ಲ.

ಯಾಕೆ ಅಂತ ಗುಂಡಿನ ಡಬ್ಬಿಯೇ ಹೇಳುತ್ತದೆ. ಒಂದೂವರೆ ಮೈಲಿಯವರೆಗೆ ಅಪಾಯ ಎಂದು ಟೂಟೂ ಡಬ್ಬಿಗಳ ಮೇಲೆ ಅಚ್ಚು ಹಾಕುವ ರೂಢಿಯಿದೆ. ಚರೆ ಗುಂಡು ಕೊಂಚ ದೂರದಲ್ಲೇ ಸುಸ್ತಾಗಿ ಬೀಳುತ್ತದೆ. ಸಿಲ್ವರ್ ಓಕ್ ತುದಿಯ ಕೋತಿಗೆ ಹಾರಿಸಿ ತಪ್ಪಿದ ಟೂಟೂ ಗುಂಡು ಎಲ್ಲಿ ಇಳಿಯುತ್ತದೆ? ಕಣದಲ್ಲೋ, ಲೈನ್ ಮನೆ ಅಂಗಳದಲ್ಲೋ, ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳ ಮಧ್ಯೆಯೋ. ಕೆರೆ ನೀರಿಗೆ, ಗಟ್ಟಿ ಜಂಬಿಟ್ಟಿಗೆಗೆ ಓರೆಯಾಗಿ ತಗಲಿದ ಸೀಸದ ಗುಂಡು ಪುಟಿದು ಬೇರೆ ದಿಕ್ಕಿಗೆ ಓಡುತ್ತದೆ. ಹಂದಿಯೆಂದು ಮನುಷ್ಯನಿಗೆ ಹೊಡೆದ ಸುದ್ದಿ ಈ ಸೀಮೆಯ ಪತ್ರಿಕೆಗಳಿಗೆ ಹೊಸದೇನಲ್ಲ.

ಹಂದಿಯ ಮಾತು ಬಂತು. ಅದು ಎರಡನೇ ಪರಿಶಿಷ್ಟದ ಪ್ರಾಣಿ. ಬೆಳೆ ಹಾಳಾದರೆ ಅರಣ್ಯ ಇಲಾಖೆಯ ಅಧಿಕಾರವುಳ್ಳವರು ಲಿಖಿತ ಅನುಮತಿ ಕೊಡಬಹುದು, ಕಾಯ್ದೆಯಲ್ಲಿ ಅವಕಾಶವಿದೆ. ಅನುಮತಿ ಕೈಗೆ ಬಂದರೂ ಟೂಟೂ ಹಿಡಿದು ಹೋಗಬೇಡಿ. ಗುಂಡು ತಿಂದ ಹಂದಿ ಓಡಿಹೋಗಿ ಪೊದೆಯಲ್ಲಿ ಮೂರು ದಿನ ನರಳಿ ಸಾಯುತ್ತದೆ, ಇಲ್ಲವೇ ಬೆಳಿಗ್ಗೆ ಸೌದೆಗೆ ಹೋದ ಹೆಂಗಸಿನ ಮೇಲೆ ಬೀಳುತ್ತದೆ.

ಹಾಗಾದರೆ ಟೂಟೂಗೆ ಉಳಿದದ್ದು? ತೆಂಗಿನಕಾಯಿ. ಕೈಲ್‌ಪೊಳ್ದ್ ಬಂತೆಂದರೆ ಊರೂರಲ್ಲಿ ಕಾಯಿಗೆ ಗುಂಡು ಹೊಡೆಯುವ ಪಂದ್ಯ, ಅದರಲ್ಲಿ ಟೂಟೂಗೇ ಒಂದು ವಿಭಾಗ. ಅಲ್ಲಿಗೆ ದುಬಾರಿ ಟೊಳ್ಳುಮೂತಿ ಗುಂಡಿನ ಹೈ ವೆಲಾಸಿಟಿ ಡಬ್ಬಿ ಬೇಕಿಲ್ಲ. ದುಂಡುಮೂತಿಯ ಗಟ್ಟಿ ಸೀಸದ ಮಾಮೂಲಿ ತೋಟೆ ಸಾಕು, ಕಾಯಿಯ ಹಿಂದೆ ಎತ್ತರದ ಮಣ್ಣುದಿಬ್ಬ ಇರಬೇಕು. ಮಳೆಗಾಲ ಕಳೆದ ಡಬ್ಬಿಯಾದರೆ ಇನ್ನಷ್ಟು ಹುಷಾರು. ತೋಟೆ ಸಿಡಿಯದಿದ್ದರೆ ಒಡನೆ ಬೋಲ್ಟ್ ಎಳೆಯಬಾರದು, ನಳಿಗೆ ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ‘ಟುಸ್’ ಎಂದಷ್ಟೇ ಸದ್ದಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಬಿಚ್ಚಿ ನೋಡದೆ ಇನ್ನೊಂದು ಹೊಡೆಯಬಾರದು. ಯಾವ ಕಂಪನಿಯ ತೋಟೆ ಒಳ್ಳೇದು ಅನ್ನೋದಕ್ಕೆ ರೈಫಲ್ಲೇ ಉತ್ತರ ಹೇಳುತ್ತದೆ. ಅಕ್ಕಪಕ್ಕದ ಎರಡು ಒಂದೇ ಮಾದರಿಯ ಕೋವಿಗೂ ರುಚಿ ಬೇರೆ. ಮೂರ್ನಾಲ್ಕು ಬಗೆ ತಂದು, 50 ಮೀಟರಿಗೆ ಕಾಗದ ಕಟ್ಟಿ, ಒಂದೊಂದರಲ್ಲಿ ಐದೈದು ಹೊಡೆದು ನೋಡಿ, ಐದೂ ಒತ್ತಟ್ಟಿಗೆ ಕೂತ ಡಬ್ಬಿಯನ್ನು ಆರಿಸಿಕೊಂಡರಾಯಿತು.