ಒತ್ತೋಕೆ ಬಂದ್ರೆ ಸಾಕಾ?

ಚಂದ್ರಂಪಳ್ಳಿ ಡ್ಯಾಂ ನೋಡೋಕೆ ಹೋಗಿದ್ದೆ. ಚಿಂಚೋಳಿ ತಾಲೂಕಿನ ಕಾಡಿನ ನಡುವೆ ಇರೋ ಜಲಾಶಯ. ಟೀ ಕುಡಿಯುವಾಗ ಒಬ್ಬ ಹುಡುಗ ಗುರುತು ಹಿಡಿದು ಫೋನ್ ಮುಂದೆ ಹಿಡಿದ. ಒಂದು ವಿಡಿಯೋ. ಕೆಂಪು ನೀರು ನುಗ್ಗಿ ಬರುತ್ತಿದೆ. ಕೆಳಗೆ ‘ಚಂದ್ರಂಪಳ್ಳಿ ಡ್ಯಾಂ ಒಡೆದಿದೆ’ ಅನ್ನೋ ಬರಹ, ಮೂಲೆಯಲ್ಲಿ ನಮ್ಮ ಚಾನೆಲ್ ಲೋಗೋ!

“ಇದು ಹ್ಯಾಂಗ್ ಸುಳ್ಳಾಗ್ತದ ಸರ್? ನಿಮ್ಮ ಚಾನೆಲ್‌ದಾಗೇ ಬಂದದಲ್ರಿ” ಅಂದ.

ನಾವು ಅಂಥ ಸುದ್ದಿ ಮಾಡಿಯೇ ಇರಲಿಲ್ಲ. ಡ್ಯಾಂ ನಮ್ಮ ಕಣ್ಣೆದುರೇ ಗಟ್ಟಿಯಾಗಿ ನಿಂತಿತ್ತು. ವಿಡಿಯೋ ಯಾವುದೋ ಊರಿಂದು, ಲೋಗೋ ಯಾರೋ ಅಂಟಿಸಿದ್ದು. ಆದರೆ ಅವನು ಆಗಲೇ ಅದನ್ನು ಮೂರು ಗ್ರೂಪಿಗೂ, ಸೇಡಂನಲ್ಲಿರುವ ಅಕ್ಕನಿಗೂ ಕಳಿಸಿಯಾಗಿತ್ತು. ನಾನು ಟೀ ದುಡ್ಡು ಕೊಡೋಕೆ ಒದ್ದಾಡುತ್ತಿದ್ದಾಗ ಅದೇ ಹುಡುಗ ನೆಟ್‌ವರ್ಕ್ ಸಿಗೋ ಜಾಗ ಹುಡುಕಿ, ಸ್ಕ್ಯಾನ್ ಮಾಡಿ, ಅರೆ ನಿಮಿಷದಲ್ಲಿ ಕೆಲಸ ಮುಗಿಸಿದ. ಈಗ ಹೇಳಿ, ಈ ಹುಡುಗ ಡಿಜಿಟಲ್ ಸಾಕ್ಷರನಾ, ಅಲ್ಲವಾ?

ಸರ್ಕಾರದ ಲೆಕ್ಕದಲ್ಲಿ ಹೌದು. 2017ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಶುರು ಮಾಡಿತು. ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣ ಮನೆಗಳ ಗುರಿ, 20 ಗಂಟೆಗಳ ತರಬೇತಿ. ಫೋನ್ ಅಥವಾ ಕಂಪ್ಯೂಟರ್ ಬಳಸೋದು, ಇ-ಮೇಲ್ ಕಳಿಸೋದು, ಹಣ ಪಾವತಿ ಮಾಡೋದು ಅದರ ಪಾಠ. ಬೇಕಾದದ್ದೇ. ಆದರೆ ಸಂಶೋಧಕರು ಕೇಳುವ ಪ್ರಶ್ನೆ ಅಷ್ಟರಲ್ಲಿ ಬೇರೆ ಆಗಿತ್ತು.

ಮೊದಮೊದಲು ಅವರೂ ಕೇಳುತ್ತಿದ್ದದ್ದು ‘ಕಂಪ್ಯೂಟರ್ ಇದೆಯಾ, ಇಂಟರ್ನೆಟ್ ಇದೆಯಾ’ ಅಂತಲೇ. ಆಮೇಲೆ ‘ಬಳಸೋಕೆ ಬರುತ್ತಾ’ ಅಂದರು. ಈಗ ಕೇಳೋದು ‘ಬಳಸಿ ಏನು ಸಿಕ್ಕಿತು, ಕಂಡದ್ದನ್ನು ತೂಗಿ ನೋಡೋಕೆ ಬರುತ್ತಾ’ ಅಂತ. 2024ರ ಅಸರ್ ಸಮೀಕ್ಷೆ ನೋಡಿ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋದು ಗೊತ್ತು. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಗೆ ಬಳಸಿದವರು ಶೇ 76.

ಓದಿದವರು ಮೋಸ ಹೋಗಲ್ಲ ಅಂದುಕೊಂಡಿದ್ದೀರಾ? ಇಂಜಿನಿಯರಿಂಗ್ ಮುಗಿಸಿದ ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತವರ ಜೊತೆಗಾರರು ಇತಿಹಾಸದ ಡಾಕ್ಟರೇಟ್ ಪಡೆದವರನ್ನು, ವಿದ್ಯಾರ್ಥಿಗಳನ್ನು, ಫ್ಯಾಕ್ಟ್ ಚೆಕ್ ಮಾಡುವವರನ್ನು ಪರೀಕ್ಷೆಗೆ ಕೂರಿಸಿದರು. ಅಂದವಾದ ಲೋಗೋ ನೋಡಿ ಪಂಡಿತರೇ ಏಮಾರಿದರು. ಫ್ಯಾಕ್ಟ್ ಚೆಕ್ ಮಾಡುವವರು ಮಾತ್ರ ಆ ಪುಟ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಪುಟ ತೆರೆದು, ‘ಇವರು ಯಾರು’ ಅಂತ ಬೇರೆ ಕಡೆ ಹುಡುಕಿದರು. ಗೆದ್ದದ್ದು ಪದವಿ ಅಲ್ಲ, ಆ ಅಭ್ಯಾಸ.

ಇದೇನು ದೂರದ ಮಾತಲ್ಲ. ಚಿಂಚೋಳಿ ದಾಟಿದರೆ ಬೀದರ್ ಜಿಲ್ಲೆ. 2018ರ ಜುಲೈನಲ್ಲಿ ಅಲ್ಲಿನ ಔರಾದ್ ತಾಲೂಕಿಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಬಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಸುದ್ದಿ ಅವರ ಕಾರಿಗಿಂತ ಮೊದಲು ಮುರ್ಕಿ ತಲುಪಿತ್ತು. ಜನ ದಾರಿಗೆ ಅಡ್ಡ ಹಾಕಿ ಬಡಿದರು. ಒಬ್ಬ ಯುವಕ ಸತ್ತೇ ಹೋದ. ಅವನೂ ಇಂಜಿನಿಯರ್. ಅವತ್ತು ಫಾರ್ವರ್ಡ್ ಮಾಡಿದವರಿಗೆ ಫೋನ್ ಬಳಸೋಕೆ ಬರುತ್ತಿರಲಿಲ್ಲವಾ? ಚೆನ್ನಾಗೇ ಬರುತ್ತಿತ್ತು! ಇಂಥ ಘಟನೆಗಳ ಬಗ್ಗೆ 2019ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬಾನಾಜಿ ಮತ್ತು ರಾಮ್ ಭಟ್ ವರದಿ ಕೊಟ್ಟರು. ಅವರು ಹೇಳಿದ್ದೂ ಅದೇ. ಕೊರತೆ ತಂತ್ರಜ್ಞಾನದ್ದಲ್ಲ, ಮನಸ್ಸಲ್ಲಿ ಮೊದಲೇ ಕೂತಿರೋ ಪೂರ್ವಗ್ರಹದ್ದು.

ಹಾಗಾದರೆ ಕಲಿಸೋಕೆ ಆಗಲ್ಲವಾ? ಬಿಹಾರದಲ್ಲಿ ಸುಮಿತ್ರಾ ಬದ್ರಿನಾಥನ್ 2019ರ ಚುನಾವಣೆ ಹೊತ್ತಲ್ಲಿ ಮನೆಮನೆಗೆ ಒಂದು ಗಂಟೆ ಪಾಠ ಮಾಡಿಸಿದರು. ಒಟ್ಟಾರೆ ಪರಿಣಾಮ ಕಾಣಲಿಲ್ಲ. ಅಲ್ಲಿಗೇ ಬಿಡಲಿಲ್ಲ. ಅದೇ ಬಿಹಾರದಲ್ಲಿ, ಹಳ್ಳಿಯ ಗ್ರಂಥಾಲಯಗಳಲ್ಲಿ, 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಅವರ ತಂಡ ಇನ್ನೊಂದು ಪ್ರಯೋಗ ನಡೆಸಿತು. ಈ ಸಲ ಪಾಠ ತಿಂಗಳುಗಟ್ಟಲೆ ನಡೆಯಿತು. ಪಾಠ ಕೇಳಿದ ಮಕ್ಕಳು ಸುಳ್ಳು ಗುರುತಿಸೋದರಲ್ಲಿ ಮುಂದೆ ಬಂದರು. ತಿಂಗಳುಗಳ ನಂತರವೂ ಅದು ಉಳಿದಿತ್ತು. ಅಪ್ಪ ಅಮ್ಮಂದಿರಿಗೂ ದಾಟಿತ್ತು!

ಗ್ರಂಥಾಲಯ ನಮ್ಮಲ್ಲೂ ಇದೆಯಲ್ಲ? ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವಕ್ಕೆ ‘ಅರಿವು ಕೇಂದ್ರ’ ಅನ್ನೋ ಹೆಸರು. 2023ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಐಟಿ ಎರಡೂ ಖಾತೆ ಸಿಕ್ಕಿದ್ದು ಇದೇ ಜಿಲ್ಲೆಯ ಚಿತ್ತಾಪುರದ ಶಾಸಕರಿಗೆ. ಶಹಾಬಾದ್, ವಾಡಿಯ ಸುತ್ತಲ ಹಳ್ಳಿಗಳಲ್ಲಿ ಶನಿವಾರಕ್ಕೊಂದು ಗಂಟೆ ಈ ಪಾಠ ಶುರು ಮಾಡೋಕೆ ಹೊಸ ಕಟ್ಟಡ ಬೇಕಿಲ್ಲ, ಮನಸ್ಸು ಬೇಕು.

ಅಲ್ಲಿಯವರೆಗೆ? ಫಾರ್ವರ್ಡ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲು ಹೇಳಿದ್ದು ಯಾರು? ಬೇರೆ ಕಡೆಯೂ ಬಂದಿದೆಯಾ? ಇದು ನಿಜವಾಗಲಿ ಅಂತ ನನ್ನ ಮನಸ್ಸೇ ಬಯಸುತ್ತಿದೆಯಾ?

ಮತ್ತೆ, ಲೋಗೋ ನೋಡಿ ನಂಬಬೇಡಿ. ಅದು ನಮ್ಮ ಚಾನೆಲ್‌ದೇ ಆಗಿದ್ದರೂ ಸರಿ.