ನಿಮಗಿದು ಗೊತ್ತೆ? ಬೀಜದ ಚೀಲದ ಚೀಟಿಗೂ ಬಣ್ಣದ ಲೆಕ್ಕವಿದೆ

ಸಾಸ್ತಾನದಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ. ಇದು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನೆರೆ ನೀರು ನಿಲ್ಲುವ ಬೈಲು ಗದ್ದೆಗೆ ಹೇಳಿ ಮಾಡಿಸಿದ ಕೆಂಪಕ್ಕಿ ತಳಿ ‘ಸಹ್ಯಾದ್ರಿ ಪಂಚಮುಖಿ’ ಇಲ್ಲಿಯದೇ ಕೊಡುಗೆ.

ವಿಜ್ಞಾನಿಯ ತಾಕಿನ ಬೀಜ ನೇರವಾಗಿ ರೈತರ ಮನೆಗೆ ಬರುವುದಿಲ್ಲ. ಮೊದಲು ತಯಾರಾಗುವುದು ತಳಿವರ್ಧಕ ಬೀಜ. ಅದರ ಚೀಲಕ್ಕೆ ಹೊಂಬಣ್ಣದ ಚೀಟಿ. ಅದನ್ನು ಬಿತ್ತಿ ಬೆಳೆದದ್ದು ಮೂಲ ಬೀಜ, ಚೀಟಿ ಬಿಳಿ. ಮತ್ತೊಮ್ಮೆ ಬೆಳೆದು, ಪ್ರಮಾಣನ ಸಂಸ್ಥೆಯವರು ಗದ್ದೆಗೇ ಬಂದು ಬೆರಕೆ ಇಲ್ಲವೆಂದು ನೋಡಿದ ಮೇಲೆ ನೀಲಿ ಚೀಟಿಯ ಪ್ರಮಾಣಿತ ಬೀಜ. ಸರಕಾರದ ಬೀಜ ನಿಗಮ, ಖಾಸಗಿ ಬೀಜ ಕಂಪನಿ, ರೈತ ಸಂಪರ್ಕ ಕೇಂದ್ರ ಎಲ್ಲವೂ ಕೈಜೋಡಿಸುವುದು ಈ ಹಾದಿಯಲ್ಲೇ. ಮುಂದಿನ ಸಲ ಚೀಲ ಬಿಚ್ಚುವ ಮೊದಲು ಚೀಟಿಯನ್ನೊಮ್ಮೆ ಓದಿ. ತಳಿಯ ಹೆಸರು, ಪರೀಕ್ಷೆಯ ದಿನಾಂಕ ಎಲ್ಲವೂ ಅದರಲ್ಲಿರುತ್ತದೆ.

ನಮ್ಮ ಕಡೆ ಮನೆಮಾತಾದ ‘ಎಂಒ-4’ ಭತ್ತ ಮಾತ್ರ ಕೇರಳದ್ದು. ಮಂಕೊಂಬು ಸಂಶೋಧನಾ ಕೇಂದ್ರದ ‘ಭದ್ರ’ ತಳಿಯ ಇನ್ನೊಂದು ಹೆಸರದು. ಗಡಿ ದಾಟಿ ಬಂದ ಆ ತಳಿಯೇ ಇಂದು ಕರಾವಳಿಯ ಅಕ್ಕಿ ಗಿರಣಿಗಳಲ್ಲಿ ಕುಚ್ಚಲಕ್ಕಿಯಾಗುತ್ತಿದೆ.

ಬೀಜದಂತೆ ಮಣ್ಣಿನ ಬಗೆಗೂ ಕೇಳಲು ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕರಾವಳಿಯ ಮಣ್ಣಿನಲ್ಲಿ ಹುಳಿ ಅಂಶ ಹೆಚ್ಚು. ಎಷ್ಟು ಸುಣ್ಣ ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸುವುದು ಒಳ್ಳೆಯದು.