ಜಾಲ ಧ್ವನಿವಾದಕವಾಗಿ ರಾಸ್ಪ್‌ಬೆರಿ ಪೈ

ರಾಸ್ಪ್‌ಬೆರಿ ಪೈ ಒಂದೇ ಫಲಕದ ಮೇಲೆ ಪ್ರೊಸೆಸರ್, ಮೆಮೊರಿ ಮೊದಲಾದ ಭಾಗಗಳನ್ನು ಜೋಡಿಸಿರುವ ಪುಟ್ಟ ಗಣಕಯಂತ್ರ. ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಫೌಂಡೇಶನ್ ಮಕ್ಕಳ ಗಣಕ ಶಿಕ್ಷಣಕ್ಕಾಗಿ ರೂಪಿಸಿದ ಇದರ ಮೊದಲ ಮಾದರಿ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಿತು. ಮನೆಯ ಜಾಲದಲ್ಲಿರುವ ಸಂಗೀತದ ಕಡತಗಳನ್ನು ಓದಿ ಆಂಪ್ಲಿಫೈಯರಿಗೆ ಒದಗಿಸುವ ಧ್ವನಿವಾದಕವನ್ನಾಗಿಯೂ ಇದನ್ನು ಬಳಸಲಾಗುತ್ತದೆ.

ಹಿನ್ನೆಲೆ

ಅಮೆರಿಕದ ಸ್ಲಿಮ್ ಡಿವೈಸಸ್ ಸಂಸ್ಥೆಯು 2003ರಲ್ಲಿ ಸ್ಕ್ವೀಝ್‌ಬಾಕ್ಸ್ ಎಂಬ ಜಾಲವಾದಕವನ್ನು ಹೊರತಂದಿತು. 2006ರಲ್ಲಿ ಆ ಸಂಸ್ಥೆಯನ್ನು ಕೊಂಡ ಲಾಜಿಟೆಕ್, 2012ರಲ್ಲಿ ಈ ಸಾಧನಗಳ ತಯಾರಿಕೆಯನ್ನು ಕೈಬಿಟ್ಟಿತು. ಆದರೆ ಅದರ ಸರ್ವರ್ ತಂತ್ರಾಂಶವು ಮುಕ್ತ ಆಕರದ್ದಾಗಿದ್ದರಿಂದ ಸ್ವಯಂಸೇವಕರು ಅದನ್ನು ಉಳಿಸಿಕೊಂಡು ಬಂದರು. 2024ರಿಂದ ಅದು ಲಿರಿಯಾನ್ ಮ್ಯೂಸಿಕ್ ಸರ್ವರ್ ಎಂಬ ಹೆಸರು ಪಡೆದಿದೆ. ಸ್ಕ್ವೀಝ್‌ಲೈಟ್ ತಂತ್ರಾಂಶವನ್ನು ಅಳವಡಿಸಿದ ರಾಸ್ಪ್‌ಬೆರಿ ಪೈ, ಈ ಸರ್ವರ್‌ನೊಡನೆ ಹಳೆಯ ಸ್ಕ್ವೀಝ್‌ಬಾಕ್ಸಿನಂತೆಯೇ ಕೆಲಸ ಮಾಡುತ್ತದೆ.

ಕಾರ್ಯವಿಧಾನ

ಈ ವ್ಯವಸ್ಥೆಯಲ್ಲಿ ಮೂರು ಅಂಗಗಳಿವೆ: ಕಡತಗಳನ್ನು ಇರಿಸಿಕೊಳ್ಳುವ ಭಂಡಾರ, ಅವನ್ನು ನುಡಿಸುವ ವಾದಕ ಮತ್ತು ಆಜ್ಞೆ ನೀಡುವ ನಿಯಂತ್ರಕ. ಮೊಬೈಲ್ ಇಲ್ಲಿ ನಿಯಂತ್ರಕ ಮಾತ್ರ. ಬ್ಲೂಟೂತ್‌ನಲ್ಲಿ ಧ್ವನಿಯು ಮೊಬೈಲಿನಿಂದಲೇ ಹರಿಯುತ್ತದೆ. ಇಲ್ಲಿ ಮೊಬೈಲನ್ನು ಆರಿಸಿದರೂ ಸಂಗೀತ ನಿಲ್ಲುವುದಿಲ್ಲ.

ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್‌ಗಳು, 2 ವಾಹಿನಿಗಳು ಇರುತ್ತವೆ. ಅಂದರೆ ಸೆಕೆಂಡಿಗೆ 14,11,200 ಬಿಟ್‌ಗಳು. ಸಾಧಾರಣ ವೈಫೈ ಕೂಡ ಇಷ್ಟನ್ನು ಸುಲಭವಾಗಿ ಸಾಗಿಸಬಲ್ಲದು.

ಗುಣಮಟ್ಟವನ್ನು ಹೆಚ್ಚಾಗಿ ನಿರ್ಧರಿಸುವುದು ಅಂಕಿಗಳನ್ನು ವಿದ್ಯುತ್ ಅಲೆಗಳನ್ನಾಗಿಸುವ ಪರಿವರ್ತಕ, ಅಂದರೆ ಡ್ಯಾಕ್. ಹಳೆಯ ಮಾದರಿಗಳ ಹೆಡ್‌ಫೋನ್ ಕಿಂಡಿಯ ಧ್ವನಿ ಸಾಧಾರಣವಾದುದು. 2023ರ ರಾಸ್ಪ್‌ಬೆರಿ ಪೈ 5ರಲ್ಲಿ ಆ ಕಿಂಡಿಯೇ ಇಲ್ಲ. ಆದುದರಿಂದ ಯು.ಎಸ್.ಬಿ. ಡ್ಯಾಕನ್ನಾಗಲಿ, 40 ಪಿನ್‌ಗಳ ಮೇಲೆ ಕೂರುವ ಡ್ಯಾಕ್ ಫಲಕವನ್ನಾಗಲಿ ಬಳಸುವುದು ರೂಢಿ.

ಅಳವಡಿಕೆ

1. ವಾಲ್ಯೂಮಿಯೊ, ಮೂಡ್ ಅಥವಾ ಪೈಕೋರ್‌ಪ್ಲೇಯರ್ ತಂತ್ರಾಂಶವನ್ನು ಬೇರೊಂದು ಗಣಕದ ನೆರವಿನಿಂದ ಮೈಕ್ರೋ ಎಸ್.ಡಿ. ಕಾರ್ಡಿಗೆ ಬರೆಯಬೇಕು.
2. ವಿದ್ಯುತ್ ಸಂಪರ್ಕವಿಲ್ಲದಿರುವಾಗ ಡ್ಯಾಕನ್ನು ಕೂರಿಸಿ, ಅದರಿಂದ ಆಂಪ್ಲಿಫೈಯರಿನ ಲೈನ್ ಇನ್ ಕಿಂಡಿಗೆ ತಂತಿ ಜೋಡಿಸಬೇಕು. ಗ್ರಾಮಫೋನಿಗೆ ಮೀಸಲಾದ ಫೋನೊ ಕಿಂಡಿ ಇದಕ್ಕೆ ಸಲ್ಲದು.
3. ಸಾಧನವನ್ನು ಜಾಲಕ್ಕೆ ಸೇರಿಸಿ, ಬ್ರೌಸರ್‌ನಲ್ಲಿ ಅದರ ವಿಳಾಸವನ್ನು ತೆರೆದು, ಧ್ವನಿ ಹೊರಡುವ ದಾರಿಯಾಗಿ ಡ್ಯಾಕನ್ನು ಆರಿಸಬೇಕು. ಎಲ್ಲವೂ ನಡೆಯುತ್ತಿದ್ದರೂ ಧ್ವನಿ ಕೇಳಿಸದಿದ್ದರೆ ಮೊದಲು ಪರಿಶೀಲಿಸಬೇಕಾದುದು ಈ ಆಯ್ಕೆಯನ್ನೇ.
4. ಸಂಗೀತದ ಕಡತಗಳಿರುವ ಸ್ಥಳವನ್ನು ಸೂಚಿಸಿ, ಹಾಡುಗಳ ಸೂಚಿ ಸಿದ್ಧವಾದ ಮೇಲೆ ಕಡಿಮೆ ಧ್ವನಿಯಲ್ಲಿ ನುಡಿಸಿ ನೋಡಬೇಕು.

ಎಚ್ಚರಿಕೆಗಳು

ಕಾರ್ಡಿನ ಮೇಲೆ ಬರವಣಿಗೆ ನಡೆಯುತ್ತಿರುವಾಗ ವಿದ್ಯುತ್ ಹೋದರೆ ಅದರಲ್ಲಿರುವ ತಂತ್ರಾಂಶ ಕೆಡಬಹುದು. ಪೈಕೋರ್‌ಪ್ಲೇಯರ್ ತನ್ನನ್ನು ಮೆಮೊರಿಗೆ ತುಂಬಿಕೊಂಡು ನಡೆಯುವುದರಿಂದ ವಿದ್ಯುತ್ ಪದೇ ಪದೇ ಕಡಿತಗೊಳ್ಳುವ ಊರುಗಳಿಗೆ ಹೆಚ್ಚು ಒಪ್ಪುತ್ತದೆ. ಕ್ಯಾಸೆಟ್ಟುಗಳಿಂದ ಪರಿವರ್ತಿಸಿಕೊಂಡ ಧ್ವನಿಮುದ್ರಣಗಳಂತಹ, ಮತ್ತೆ ದೊರೆಯದ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇರಿಸುವುದು ಅಗತ್ಯ.

ಮಹತ್ವ

ಕಡತಗಳು ಮನೆಯಲ್ಲಿಯೇ ಇರುವುದರಿಂದ ಅಂತರಜಾಲ ಸಂಪರ್ಕವಿಲ್ಲದಿದ್ದರೂ, ಸಂಸ್ಥೆಯೊಂದು ತನ್ನ ಸೇವೆಯನ್ನು ನಿಲ್ಲಿಸಿದರೂ ಸಂಗ್ರಹವನ್ನು ಆಲಿಸಲು ಅಡ್ಡಿಯಿಲ್ಲ. ಸುಸ್ಥಿತಿಯಲ್ಲಿರುವ ಹಳೆಯ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳೂ ಇದರಿಂದ ಬಳಕೆಯಲ್ಲಿ ಉಳಿಯುತ್ತವೆ.